ಸಂಕವ್ವನ ಕಣ್ಣು, ಮುರಿಗೆಪ್ಪನ ಆರೈಕೆ

ಕತೆ ಕೇಳುವವರು ಬೆನ್ನು ನೆಟ್ಟಗಿಟ್ಟು ಕೂರಬೇಕು. ನಡುವೆ ಎದ್ದು ಹೋಗಬಾರದು. ನಗುವುದಾದರೆ ಮಾತು ಮುಗಿದ ಮೇಲೆ ನಗಬೇಕು. ಒಪ್ಪಿಗೆಯಾಯಿತೆ? ಹಾಗಾದರೆ ಆರಂಭಿಸೋಣ.

ನೇಕಾರರ ಓಣಿಯಲ್ಲಿ ಸಂಕವ್ವ ಎಂಬ ವಿಧವೆ ಇದ್ದಳು. ಅವಳಿಗೆ ಒಬ್ಬನೇ ಮಗ, ಮುರಿಗೆಪ್ಪ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಕಿವಿ ಚೆನ್ನಾಗಿತ್ತು, ನೆನಪು ಇನ್ನೂ ಚೆನ್ನಾಗಿತ್ತು. ಹೇಳಿದ ಮಾತನ್ನು ಒಂದಕ್ಷರ ಬಿಡದೆ ನೆನಪಿಡುತ್ತಿದ್ದ. ಒಂದಕ್ಷರ ಬಿಡದೆ ನಡೆಸುತ್ತಿದ್ದ. ಯಾವಾಗ ನಡೆಸಬೇಕು, ಯಾವುದಕ್ಕೆ ನಡೆಸಬೇಕು ಎಂಬುದು ಮಾತ್ರ ಅವನ ತಲೆಯೊಳಗೆ ಇಳಿಯುತ್ತಿರಲಿಲ್ಲ. ಇಂಥ ವಿಧೇಯತೆಗಿಂತ ಹಟಮಾರಿತನ ಎಷ್ಟೋ ಮೇಲು.

ಸಂಕವ್ವನ ಕಸುಬು ಎಳೆ ಕೆಚ್ಚುವುದು. ಮಗ್ಗದಲ್ಲಿ ಒಂದು ಹಾಸು, ಎಂದರೆ ಉದ್ದೆಳೆಗಳ ಸಾಲು, ನೇಯ್ದು ಮುಗಿದಾಗ ಅದರ ಬಾಲ ಮಗ್ಗದಲ್ಲೇ ಉಳಿದಿರುತ್ತದೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಒಂದೆಳೆ ತಪ್ಪಿದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಈ ಕಸುಬಿಗೆ ಕಣ್ಣು ಬೇಕು. ಸಂಕವ್ವನ ಎಡಗಣ್ಣು ಎಳವೆಯಲ್ಲೇ ಸಿಡುಬಿಗೆ ಹೋಗಿತ್ತು. ಉಳಿದ ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ ಎಂದರೆ ಹೆದರಿಕೆ. ಹೆದರಿ ಹೆದರಿ ವರ್ಷಗಟ್ಟಲೆ ಮುಂದೂಡಿದಳು. ಪೊರೆ ಕಲ್ಲಾಯಿತು. ಆಮೇಲೆ ಆಸ್ಪತ್ರೆಗೆ ಹೋದಳು.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದರು. ಎದುರಿಗೆ ಹಾಲು ಬೆರೆಸಿದ ನೀರಿನಂಥ ಮಬ್ಬು.

“ಕಾಣವಲ್ದ್ರೀ ಡಾಕ್ಟರ!”

“ಕಾಣುತ್ತದಮ್ಮ,” ಎಂದರು ಡಾಕ್ಟರು. “ಪೊರೆ ಬಹಳ ಗಟ್ಟಿಯಾಗಿತ್ತು. ತೆಗೆದ ಜಾಗ ಬಾತಿದೆ. ಅದು ಇಳಿಯಲು ವಾರಗಳೇ ಬೇಕು. ಕಾಯಬೇಕು.”

ವರ್ಷಗಟ್ಟಲೆ ಪೊರೆಯನ್ನು ಸಾಕಿದವಳಿಗೆ ದೃಷ್ಟಿ ಮಾತ್ರ ಮರುದಿನ ಬೆಳಿಗ್ಗೆಯೇ ಬೇಕಾಗಿತ್ತು! ಅದಕ್ಕೊಂದು ಕಾರಣವೂ ಇತ್ತೆನ್ನಿ. ಅವಳಿಗೆ ಕೆಲಸ ಕೊಡುತ್ತಿದ್ದ ರಾಚಪ್ಪ ಸಾಹುಕಾರ ಮೊದಲೇ ಹೇಳಿಬಿಟ್ಟಿದ್ದ: “ಮದುವಿ ಸೀರಿ ಹಾಸು ಬರೂದೈತಿ. ಅಷ್ಟರಾಗ ಕಣ್ಣು ಬಂದ್ರ ಕೆಲಸ ನಿಂದು. ಬರಲಿಲ್ಲಂದ್ರ ಬ್ಯಾರೇದವ್ರನ್ನ ಹಚ್ತೀನಿ. ಆಮ್ಯಾಲೆ ನಿನ್ನ ಕರಿಯೂದಿಲ್ಲ.”

ಡಾಕ್ಟರು ಮುರಿಗೆಪ್ಪನತ್ತ ತಿರುಗಿದರು. “ನೋಡಪ್ಪ, ತಾಯಿಯ ಕಣ್ಣಿಗೆ ನೀರು ಸೋಕಬಾರದು. ನೀರು ಇವರ ಹತ್ತಿರ ಸುಳಿಯಬಾರದು. ತಿಳಿಯಿತೆ?”

“ತಿಳೀತ್ರಿ.”

ತಿಳಿದಿರಲಿಲ್ಲ.

ಮನೆಗೆ ಬಂದವನೇ ಮುರಿಗೆಪ್ಪ ಹಂಡೆ ಬಗ್ಗಿಸಿದ. ಕೊಡ ಬಗ್ಗಿಸಿದ. ಕುಡಿಯುವ ನೀರಿನ ತಂಬಿಗೆಯನ್ನೂ ಬಿಡಲಿಲ್ಲ. ನಲ್ಲಿ ಬಂದು ಹೋಗಿದ್ದು ಅದೇ ಬೆಳಿಗ್ಗೆ. ಮತ್ತೆ ಬರುವುದು ಯಾವಾಗಲೋ! ಸಂಕವ್ವ ಬಾಯಾರಿ ಕೈ ಚಾಚಿದಳು. ಖಾಲಿ ಹಿತ್ತಾಳೆ ಠಣ್ ಎಂದಿತು.

“ನೀರೆಲ್ಲೋ?”

“ಗಟಾರದಾಗ ಯವ್ವಾ. ನಿನ್ನ ಹತ್ರ ಸುಳೀಬಾರದಂತ.”

“ಏ ಖೋಡಿ! ಬೇಕಾದ ವಸ್ತುವನ್ನ ಯಾರರ ಚೆಲ್ತಾರೇನೋ? ಬಾಯಿ ಬಿಗಿಯಾಗಿ ಮುಚ್ಚಿಡಬೇಕು! ಏನ ಆಗ್ಲಿ, ಮುಚ್ಚಳಾ ತಗೀಬಾರದು! ತಿಳೀತೇನೋ?”

“ತಿಳೀತಬೇ.”

ತಿಳಿದಿರಲಿಲ್ಲ.

ಮರುದಿನ, ಆಸ್ಪತ್ರೆಯಲ್ಲಿ ಕೊಟ್ಟ ಔಷಧಿಯನ್ನು ಕಣ್ಣಿಗೆ ಬಿಡುವ ಹೊತ್ತಾಯಿತು. ಸಂಕವ್ವ ಚಾಪೆಯ ಮೇಲೆ ಅಂಗಾತ ಮಲಗಿದಳು. ಮುರಿಗೆಪ್ಪ ಸೀಸೆ ಬೋರಲು ಹಿಡಿದ. ಅದುಮಿದ. ಅಲ್ಲಾಡಿಸಿದ. ಹಿಂಭಾಗಕ್ಕೆ ಎರಡು ಪೆಟ್ಟು ಕೊಟ್ಟ. ಬೆಳಿಗ್ಗೆ ಹೀಗೆ, ಮಧ್ಯಾಹ್ನ ಹೀಗೆ, ಸಂಜೆಯೂ ಹೀಗೆ.

“ಏನೂ ಬಿದ್ದಂಗ ಆಗವಲ್ದಲ್ಲೋ!”

“ಹೆಂಗ ಬೀಳ್ತೈತಬೇ? ಬಿಗಿಯಾಗಿ ಮುಚ್ಚೀನಲ್ಲ!”

ಸಂಕವ್ವ ತಡಕಿ ನೋಡಿದಳು. ಮುಚ್ಚಳ ಸೀಸೆಯ ಮೇಲೆಯೇ ಇತ್ತು. ಒಂದು ದಿನದ ಔಷಧಿ ಕಣ್ಣಿಗಿಲ್ಲ! ಹಣೆ ಚಚ್ಚಿಕೊಳ್ಳಲು ಕೈಯೆತ್ತಿದಳು. ಕಣ್ಣಿನ ನೆನಪಾಗಿ ತೊಡೆ ಚಚ್ಚಿಕೊಂಡಳು.

“ಮುಚ್ಚಳಾ ತಗೀಬೇಕೋ ಕತ್ತೆ! ತಗದು, ಕೈ ಬಿಗಿ ಹಿಡದು, ಒಂದ ಒಂದು ಹನಿ! ಎರಡನೇದು ಬಿತ್ತೋ, ನಿನ್ನ ಕೈ ಮುರೀತೀನಿ! ತಿಳೀತೇನೋ?”

“ತಿಳೀತಬೇ.”

ತಿಳಿದಿರಲಿಲ್ಲ. ಇಷ್ಟರಲ್ಲಿ ತಾಯಿಗಾದರೂ ತಿಳಿಯಬೇಕಿತ್ತು. ಹೆತ್ತವರಿಗೆ ಅದು ಎಲ್ಲರಿಗಿಂತ ಕಡೆಗೆ ತಿಳಿಯುತ್ತದೆ.

ಮಾರನೆಯ ಸಂಜೆ ರಾಚಪ್ಪ ಸಾಹುಕಾರ ತಾನೇ ಬಂದ. ಕಣ್ಣು ಎಷ್ಟರ ಮಟ್ಟಿಗೆ ಬಂದಿದೆ ಎಂದು ನೋಡಬೇಕಿತ್ತು. ಸಂಕವ್ವ ಮಗನನ್ನು ಕೂಗಿದಳು: “ಮುರಿಗೆ, ಸಾಹುಕಾರ್ರಿಗೆ ಚಾ ಹಾಕಿ ಕೊಡೋ!”

ಮುರಿಗೆಪ್ಪ ಚಹ ಕುದಿಸಿದ. ಪಾತ್ರೆಯ ಮುಚ್ಚಳ ತೆಗೆದ. ಕೈ ಬಿಗಿ ಹಿಡಿದ. ಕಪ್ಪಿಗೆ ಒಂದು ಹನಿ ಬಿಟ್ಟ. ಎರಡನೆಯದು ಬೀಳುವಂತಾಯಿತು, ಬೆರಳಿನಿಂದ ತಡೆದ. ಬೆರಳು ಸುಟ್ಟಿತು, ಸಹಿಸಿದ. ಶಿಸ್ತು!

ಸಾಹುಕಾರ ಕಪ್ಪಿನೊಳಗೆ ಇಣುಕಿದ. “ಏನಪಾ ಇದು?”

“ಚಾ ರೀ.”

“ಎಲ್ಲೈತಿ?”

“ತಳದಾಗ ನೋಡ್ರಿ.”

ಸಾಹುಕಾರ ಕಪ್ಪನ್ನು ನೆಲಕ್ಕಿಟ್ಟ. “ಸಂಕವ್ವಾ, ನಿನಗ ಕಾಣವಲ್ದು ಅಂತ ಕೇಳಿದ್ದೆ. ನಿಮ್ಮನ್ಯಾಗ ಬಂದ್ರ ನನಗೂ ಕಾಣವಲ್ದು!” ಎಂದವನೇ ಹೆಗಲ ಮೇಲಿನ ಶಲ್ಯ ಕೊಡವಿ ಎದ್ದು ಹೋದ.

“ಅನ್ನ ಕೊಡೂ ಮನಿಶಾಗ ಹಿಂಗ ಮಾಡ್ತಾರೇನೋ! ಕೈ ಬಿಚ್ಚಿ ಹಾಕಬೇಕು! ತುಂಬಿ ಹೊರಚೆಲ್ಲಬೇಕು! ಸಾಕು ಅಂದ್ರೂ ಬಿಡಬಾರದು, ಬ್ಯಾಡ ಅಂದ್ರೂ ಬಿಡಬಾರದು, ನಾಚಬ್ಯಾಡ್ರಿ, ನಿಮ್ಮ ಮನೀನ ಅಂತ ತಿಳೀರಿ ಅಂತ ಉಪಚಾರ ಮಾಡಬೇಕು! ತಿಳೀತೇನೋ?”

“ತಿಳೀತಬೇ.”

ಉಪಚಾರಕ್ಕೆ ಅತಿಥಿ ಬರುವುದನ್ನು ಮುರಿಗೆಪ್ಪ ಕಾಯಲಿಲ್ಲ. ಮೊದಲು ಸಿಕ್ಕಿದ್ದು ತಾಯಿಯ ಕಣ್ಣು. ರೆಪ್ಪೆ ಬಿಡಿಸಿ ಹಿಡಿದ. ಸೀಸೆ ಬಗ್ಗಿಸಿದ. ಅದುಮಿದ, ಅದುಮುತ್ತಲೇ ಇದ್ದ. ಔಷಧಿ ಕೆನ್ನೆಗೆ ಇಳಿಯಿತು, ಕಿವಿಗೆ ಇಳಿಯಿತು, ದಿಂಬಿಗೆ ಇಳಿಯಿತು.

“ಸಾಕೋ! ಸಾಕೋ ಮುರಿಗೆ!”

“ಇನ್ನೊಂದೀಟು, ಯವ್ವಾ. ನಾಚಬ್ಯಾಡ. ನಿನ್ನ ಮನೀನ ಅಂತ ತಿಳಕೋ.”

“ನನ್ನ ಮನೀನ ಐತೋ ಇದು!”

ಸೀಸೆ ಬರಿದಾಯಿತು. ಸಂಕವ್ವನಿಗೆ ಹಾಲಿನಂಥ ಮಬ್ಬೂ ಹೋಗಿ ಬರೀ ನೀರು ಕಂಡಿತು. ಕಣ್ಣು ಹೋಯಿತೆಂದೇ ತಿಳಿದಳು. ಅಳಲೂ ಹೆದರಿಕೆ, ಕಣ್ಣಿಗೆ ನೀರು ಸೋಕಬಾರದಲ್ಲ! ಅಳುವನ್ನು ನುಂಗಿಕೊಂಡು ಮಗನ ತೋಳು ಹಿಡಿದು ಆಸ್ಪತ್ರೆಗೆ ಹೋದಳು.

“ಖರೇ ಹೇಳ್ರಿ ಡಾಕ್ಟರ. ಹೋತೇನ್ರಿ ನನ್ನ ಕಣ್ಣು?”

ಡಾಕ್ಟರು ದೀಪ ಹಿಡಿದು ನೋಡಿದರು. ಮತ್ತೊಮ್ಮೆ ನೋಡಿದರು. “ಹೋಗಿಲ್ಲಮ್ಮ. ಬಾವು ಇಳಿಯುತ್ತಿದೆ. ಮಬ್ಬು ಸ್ವಲ್ಪಸ್ವಲ್ಪವಾಗಿ ಹೋಗುತ್ತದೆ. ಒಂದೇ ಸಲಕ್ಕೆ ಔಷಧಿ ಸುರಿದರೆ ಬೇಗ ಹೋಗುವುದಿಲ್ಲ. ಇದು ಗಿಡಕ್ಕೆ ನೀರು ಹಾಕುವ ಕೆಲಸವಲ್ಲ.” ಹೊಸ ಸೀಸೆ ಕೊಟ್ಟರು. ಔಷಧಿ ಹಾಕಲು ಇನ್ನು ಪಕ್ಕದ ಮನೆಯವರನ್ನು ಕರೆಯಿರಿ ಎಂದರು. ವಿವೇಕದ ಮಾತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

“ನೀನು ಬೆಳಿಗ್ಗೆ ಏನೇನು ಕಾಣುತ್ತದೆ ಎಂದು ತಾಯಿಯನ್ನು ಕೇಳಪ್ಪ. ಕಂಡದ್ದನ್ನು ನೋಡಲಿ. ಕಾಣದ್ದಕ್ಕೆ ತಿಣುಕಬಾರದು. ಕಾಣದ್ದನ್ನು ಎದುರಿಗೆ ಇಡಲೇಬೇಡ. ತಿಳಿಯಿತೆ?”

“ತಿಳೀತ್ರಿ.”

ಬೆಳಗಾಯಿತು. ಮುರಿಗೆಪ್ಪ ತಾಯಿಯ ಎದುರು ನಿಂತ.

“ಗಡಿಯಾರ ಕಾಣ್ತೈತೇನಬೇ?”

“ಮಬ್ಬು.”

ಗಡಿಯಾರ ಬೀದಿಗೆ ಹೋಯಿತು.

“ಕಪಾಟು?”

“ಏನೋ ಕರ್ರಗ ಕಂಡಂಗ ಆಗ್ತೈತಿ. ಕಪಾಟು ಅನ್ನೂದು ಗೊತ್ತಾಗವಲ್ದು.”

ಕಪಾಟು ಬೀದಿಗೆ ಹೋಯಿತು.

“ದೇವರ ಜಗಲಿ?”

“ದೀಪ ಕಾಣ್ತೈತೋ! ದೇವರು ಕಾಣವಲ್ರು.”

ದೀಪ ಉಳಿಯಿತು. ದೇವರು ಬೀದಿಗೆ ಹೋದರು.

“ನಾನು?”

“ನಿನ್ನ ಮುಖಾ ಸುದ್ದಾ ಕಾಣವಲ್ದೋ ಮಗನ,” ಎಂದಳು ಸಂಕವ್ವ, ದುಃಖದಿಂದ.

ಆಮೇಲೆ ಮನೆಯಲ್ಲಿ ಸದ್ದಿಲ್ಲ. “ಮುರಿಗೆ! ಎಲ್ಲಿದ್ದೀಯೋ?”

“ಹೊರಗ ಅದೀನಬೇ, ದೇವರ ಬಾಜೂಕ. ನಿನಗ ಕಂಡಿಂದ ಒಳಗ ಬರ್ತೀನಿ.”

ಗೋಡೆ ಹಿಡಿದು ಬಾಗಿಲಿಗೆ ಬಂದಳು. ಓಣಿಗೆ ಓಣಿಯೇ ನೆರೆದಿತ್ತು. ಬಾಗಿಲ ಹರಕು ಪರದೆಯಿಂದ ಜೋತುಬಿದ್ದ ಜೂಲೊಂದು ಬಂದು ಕಣ್ಣಿಗೆ ಬಡಿಯಿತು. ಅವಳ ಸಹನೆಯೂ ಹರಿಯಿತು.

“ಇಡೀ ಮನೀನ ಹೊರಗ ಹಾಕ್ತಾರೇನೋ! ಕಣ್ಣಿಗೆ ತೊಡಕಾಗಿದ್ದು ಈ ಜೂಲು! ಕಣ್ಣಿಗೆ ಯಾವುದು ತೊಡಕಾಗ್ತೈತಿ, ಅದೊಂದನ್ನ ಕತ್ತರಿಸಿ ಒಗೀಬೇಕು! ತಿಳೀತೇನೋ?”

“ತಿಳೀತಬೇ.” ಕತ್ತರಿ ತಂದ. ಜೂಲನ್ನು ಕತ್ತರಿಸಿದ. ಜೂಲನ್ನಷ್ಟೇ ಕತ್ತರಿಸಿದ.

ಹುಟ್ಟಿದಂದಿನಿಂದ ಅವನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಓಣಿಯವರು ಶಹಬ್ಬಾಸ್ ಎಂದರು. ತಾಯಿ ಬೆನ್ನು ತಟ್ಟಿದಳು. ಬೆನ್ನು ತಟ್ಟಬಾರದಿತ್ತು. ಬೈಗುಳ ತಿಂದ ಪೆದ್ದ ಮನೆಗಷ್ಟೇ ಕೇಡು. ಹೊಗಳಿಸಿಕೊಂಡ ಪೆದ್ದ ಊರಿಗೇ ಕೇಡು. ಅಂದಿನಿಂದ ಅವನು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗಿದ.

ಮಬ್ಬು ಹರಿಯುತ್ತ ಬಂತು, ಆದರೆ ತನ್ನ ಇಷ್ಟದಂತೆ. ಒಂದು ದಿನ ಬಾಗಿಲ ಚೌಕಟ್ಟು ಕಂಡಿತು. ಮರುದಿನ ಅದೂ ಕರಗಿತು. ಆಮೇಲೆ ಚೌಕಟ್ಟಿನ ಜೊತೆಗೆ ಚಿಲಕವೂ ಕಂಡಿತು. ಅಂಗೈಯ ಗೆರೆ ಕಂಡಿತು. ದೇವರೂ ಕಂಡರು. ಆದರೆ ಎಳೆ? ಅದನ್ನು ಮಾತ್ರ ಅವಳು ಪರೀಕ್ಷಿಸಿರಲಿಲ್ಲ. ಕಾಣದಿದ್ದರೆ ಏನು ಗತಿ ಎಂಬ ಭಯ.

ಹಾಸು ಬಂದೇಬಿಟ್ಟಿತು. ಸಾಹುಕಾರನೂ ಜೊತೆಗೆ ಬಂದ. ಸಂಕವ್ವನ ಮನೆಯ ಮಗ್ಗದ ಕೋಣೆಯಲ್ಲಿ ಆ ಬದಿಗೆ ಬಿಳಿ ಧೋತರ ಹರಡಿಕೊಂಡು ಕುಳಿತ. ಈ ಬದಿಗೆ ಸಂಕವ್ವ ಬೆರಳಿಗೆ ಬೂದಿ ಹಚ್ಚಿ ಕುಳಿತಳು. ಹೊಸೆದಳು. ಒಂದೆಳೆ, ಇನ್ನೊಂದೆಳೆ.

“ಸಂಕವ್ವಾ,” ಎಂದ ಸಾಹುಕಾರ, “ಬೆರಳು ರೂಢಿ ಮ್ಯಾಲೆ ಕೆಚ್ಚಾಕತ್ತಾವು. ನೀ ನೋಡಾಕತ್ತಿಲ್ಲ. ಎಲ್ಯರ ಒಂದೆಳಿ ತಪ್ಪಿತು ಅಂದ್ರ ಮದುವಿ ಸೀರಿ ಕೆಟ್ಟಂಗ. ಹಾಸು ವಾಪಸ್ ಒಯ್ತೀನಿ.”

“ನಿಲ್ರಿ ಸಾಹುಕಾರ್ರ! ಒಡಲಿನ ಎಳಿ ಕಾಣ್ತಾವ್ರೀ. ಆ ತುದಿಗೆ ಅಂಚಿನ ಎಳಿ ಒಂದೀಟು ಕಣ್ಣಿಗೆ ತೊಡಕಾಗ್ತಾವು, ಅಷ್ಟ...”

ತೊಡಕು! ಮುರಿಗೆಪ್ಪ ಸೊಂಟದಿಂದ ಕತ್ತರಿ ಸೆಳೆದ. ಸಾಹುಕಾರನ ಬದಿಗೆ ಜಿಗಿದ. ಕಚಕ್. ಕಚಕ್. ಕಚಕ್.

“ಏ! ಏ ಪಾಪಿ! ಕೆಂಪು ಎಳೀಗೆ ಕತ್ತರಿ ಹಾಕಿದೀಯಲ್ಲೋ!” ಸಂಕವ್ವ ಕುಳಿತಲ್ಲಿಂದಲೇ ಕಿರುಚಿದಳು. “ಅದರ ಮಗ್ಗಲ ಹಳದೀನೂ ಹೋತು! ಬಿಡೋ! ಆ ಸಣ್ಣ ಬಿಳಿ ರೇಷ್ಮಿ ಬಿಡೋ! ಅಯ್ಯಯ್ಯೋ, ಅದನ್ನೂ ಕತ್ತರಿಸಿದ್ಯಾ!”

ಸಾಹುಕಾರ ಬೈಯಲು ತೆರೆದ ಬಾಯಿ ಹಾಗೆಯೇ ಉಳಿಯಿತು. “ಬಿಳಿ ಎಳೀನಾ? ಎಲ್ಲೈತವ್ವಾ?”

“ನಿಮ್ಮ ಧೋತರದ ಮ್ಯಾಲೆ ಬಿದ್ದೈತಲ್ರೀ! ಮೊಣಕಾಲ ಹತ್ರ!”

ಸಾಹುಕಾರ ಬಗ್ಗಿದ. ಕಾಣಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿದ. ಬಿಳಿಯ ಧೋತರದ ಮೇಲೆ, ಮೊಣಕಾಲಿನ ಬಳಿ, ಬಿಳಿಯ ರೇಷ್ಮೆಯ ಒಂದೇ ಎಳೆ. ಬೆರಳಿನಿಂದ ಎತ್ತಿ ಹಿಡಿದ. ಬೆಳಕಿಗೆ ತಿರುಗಿಸಿ ನೋಡಿದ.

“ಕಣ್ಣು ಬಂದೈತಿ,” ಎಂದ. “ಹಾಸು ನಿಂದು. ಮಗಾ ಕತ್ತರಿಸಿದ್ದೂ ನಿಂದ. ಎಲ್ಲಾ ಕೂಡಿಸು.” ಎದ್ದು ಹೋದ.

ಸಂಕವ್ವ ಸುತ್ತ ನೋಡಿದಳು. ಎಲ್ಲವೂ ಸ್ಪಷ್ಟವಾಗಿ ಕಂಡಿತು. ಸಾಲಾಗಿ ಜೋತುಬಿದ್ದ ಕೆಂಪು, ಹಳದಿ ತುಂಡುಗಳು ಕಂಡವು. ಅವುಗಳ ನಡುವೆ ಕತ್ತರಿ ಹಿಡಿದು, ಬೆನ್ನು ತಟ್ಟಲೆಂದು ತಿರುಗಿ ನಿಂತ ಮಗನೂ ಕಂಡ.

“ಇದನ್ನ ನೋಡಾಕ ನನಗ ಕಣ್ಣು ಬರಬೇಕಿತ್ತೇನೋ!” ಎಂದು ಚೀರಿದಳು. “ಆ ಪೊರೀನ ಚಲೋ ಇತ್ತು! ನಡೀ ಇಲ್ಲಿಂದ! ನನಗ ಆ ಪೊರೀನ ಬೇಕು!”

“ತಿಳೀತಬೇ,” ಎಂದ ಮುರಿಗೆಪ್ಪ. ಅಡುಗೆಮನೆಗೆ ಹೋಗಿ ಒಂದು ಡಬ್ಬಿ ತೊಳೆದುಕೊಂಡ. ನೇರವಾಗಿ ಆಸ್ಪತ್ರೆಗೆ ನಡೆದ. ಸಾಲಿನಲ್ಲಿ ನಿಂತ. ಯಾರನ್ನೂ ತಳ್ಳಲಿಲ್ಲ. ಸರದಿ ಬಂದಾಗ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲಿಟ್ಟ.

“ಏನಪ್ಪ ಇದು?”

“ನಮ್ಮವ್ವನ ಪೊರಿ ಇದರಾಗ ಹಾಕಿ ಕೊಡ್ರಿ. ವಾಪಸ್ ಬೇಕಂತ.”

ಡಾಕ್ಟರು ಡಬ್ಬಿಯೊಳಗೆ ಇಣುಕಿದರು, ಮತ್ತೆ ಅವನ ಮುಖ ನೋಡಿದರು. ಮುರಿಗೆಪ್ಪನಿಗೆ ಅವರ ಸಂಕಟ ಅರ್ಥವಾಯಿತು. ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿ ಹೇಳಿದ:

“ಅಕೀದು ಸಿಗದಿದ್ರ ಇರ್ಲಿ ಬಿಡ್ರಿ. ಬ್ಯಾರೇ ಯಾರದಾದ್ರೂ ನಡೀತೈತಿ.”