ಯಂತ್ರಕ್ಕೆ ಹಿಡಿದ ಪಥ್ಯ

ಕೊಕ್ಕರೆ ಡಾಕ್ಟರು ಟಗರು ಕೆಂಚಣ್ಣನ ಮುಂಗಾಲಿಗೆ ಪಟ್ಟಿ ಸುತ್ತಿದರು. ರಕ್ತದೊತ್ತಡದ ಯಂತ್ರ, "ಯಜಮಾನರೇ, ನೂರ ಎಂಬತ್ತಕ್ಕೆ ನೂರ ಹತ್ತು. ಬಹಳ ಹೆಚ್ಚು," ಎಂದಿತು.

"ನನಗೆ ತಲೆನೋವಿಲ್ಲ, ತಲೆಸುತ್ತಿಲ್ಲ. ಒತ್ತಡ ಇರುವುದು ನಿನಗೆ!" ಎಂದು ಕೆಂಚಣ್ಣ ಗುಡುಗಿದ.

ಪಕ್ಕದಲ್ಲಿದ್ದ ಹೆಂಡತಿ ಸಿಂಗಾರಿಗೆ ಭಾವನ ನೆನಪಾಯಿತು. ಕೆಂಚಣ್ಣನ ಅಣ್ಣನೂ ಹೀಗೆಯೇ ಗಟ್ಟಿಯಾಗಿದ್ದವನು, ಮೇಯುತ್ತಿದ್ದಂತೆ ಕುಸಿದು ಒಂದು ಪಕ್ಕದ ಸ್ವಾಧೀನ ಕಳೆದುಕೊಂಡಿದ್ದ. ವಾದಿಸಿ ಫಲವಿಲ್ಲವೆಂದು ಅವಳು, "ಪಾಪ, ಯಂತ್ರಕ್ಕೇ ಪಥ್ಯ ಮಾಡಿಸೋಣ," ಎಂದಳು.

ಕೆಂಚಣ್ಣ ಒಪ್ಪಿ, ಡಾಕ್ಟರನ್ನು ಕೇಳಿ ಯಂತ್ರವನ್ನು ಮನೆಗೆ ತಂದ. ದಿನವೂ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಕೆರೆ ಏರಿಯ ಮೇಲೆ ವಾಯುವಿಹಾರ ಮಾಡಿಸಿದ. ಡಾಕ್ಟರು ಕೆಂಚಣ್ಣನಿಗೆಂದು ಬರೆದ ಗುಳಿಗೆಯನ್ನೂ ಉಪ್ಪು ಕಡಿಮೆ ಹಾಕಿದ ಗಂಜಿಯನ್ನೂ ಸಿಂಗಾರಿ ಯಂತ್ರದ ಮುಂದಿಟ್ಟಳು. ಯಂತ್ರಕ್ಕೆ ಬಾಯಿಯಿಲ್ಲ. "ಬಡಿಸಿದ್ದನ್ನು ಚೆಲ್ಲಬಾರದು," ಎಂದು ಅವಳು ಗದರಿದಾಗ ಎಲ್ಲವನ್ನೂ ಕೆಂಚಣ್ಣನೇ ನುಂಗಿದ.

ಎರಡು ತಿಂಗಳ ಮೇಲೆ ಮತ್ತೆ ಪಟ್ಟಿ ಸುತ್ತಿದರು. "ನೂರ ಇಪ್ಪತ್ತಕ್ಕೆ ಎಂಬತ್ತು," ಎಂದಿತು ಯಂತ್ರ.

"ನೋಡಿದೆಯಾ, ಯಂತ್ರ ಗುಣವಾಯಿತು!" ಎಂದು ಕೆಂಚಣ್ಣ ಕೊಂಬು ಕುಣಿಸಿದ.

"ತಮ್ಮ ದಯೆ," ಎಂದು ಯಂತ್ರ ವಿನಯದಿಂದ ನುಡಿಯಿತು. "ಆದರೆ ಪಥ್ಯ ನಿಲ್ಲಿಸಿದರೆ ನನಗೆ ಮತ್ತೆ ಏರುತ್ತದೆ."

"ಅಯ್ಯೋ ಪಾಪ," ಎಂದು ಕೆಂಚಣ್ಣ ಯಂತ್ರವನ್ನು ಮತ್ತೆ ಹೊರಲು ಬೆನ್ನು ಬಗ್ಗಿಸಿದ.