ಯೋಬನ ಮನೆ ಬಾಗಿಲಲ್ಲಿ ಉಪದೇಶಿ ಇನ್ನಾಸಪ್ಪ

ಪೂಜ್ಯ ಸಿಲ್ವೆಸ್ತರ್ ಸ್ವಾಮಿಗಳು ಧರ್ಮಕೇಂದ್ರದ ಹೊಣೆಯನ್ನು ಕಿರಿಯ ಗುರುಗಳಿಗೆ ಒಪ್ಪಿಸಿದ ಮೇಲೂ ಗೂಡಿನಕೊಪ್ಪಲನ್ನು ಬಿಟ್ಟು ಹೋಗಲಿಲ್ಲ. ದೇವಾಲಯದ ಹಿಂದಿದ್ದ ಹಳೆಯ ಕೊಟ್ಟಿಗೆಯನ್ನೇ ತಮ್ಮ ವಾಸಕ್ಕೆ ಸಾಕೆಂದರು. ಅದರ ಒಂದು ಮೂಲೆಯಲ್ಲಿ ಹಗ್ಗದ ಮಂಚ, ಒಂದು ಮಣ್ಣಿನ ಹೂಜಿ, ಗೋಡೆಯ ಮೇಲೊಂದು ಶಿಲುಬೆ. ಉಳಿದ ಜಾಗವೆಲ್ಲ ಹಲಗೆ, ಗರಗಸ, ಉಜ್ಜುಗೊರಡುಗಳಿಂದ ತುಂಬಿತ್ತು. ಆ ಊರಿನ ಬಡವರು ಸತ್ತವರನ್ನು ಈಚಲ ಚಾಪೆಯಲ್ಲಿ ಸುತ್ತಿ ಮಣ್ಣು ಮಾಡುತ್ತಿದ್ದ ಕಾಲವದು. ಸ್ವಾಮಿಗಳು ಅಂಥವರಿಗಾಗಿ ತಮ್ಮ ಕೈಯಾರೆ ಶವಪೆಟ್ಟಿಗೆ ಮಾಡುತ್ತಿದ್ದರು. ಮಾಡಿದ ಮೇಲೆ ಆ ಮನೆಗೆ ಹೋಗಿ ಹೊಸ್ತಿಲ ಬಳಿ ಕೂರುತ್ತಿದ್ದರು. ಮಾತು ಬಹಳ ಕಡಿಮೆ. ಆದರೂ ಸ್ವಾಮಿಗಳು ಬಂದು ಕೂತು ಹೋದ ಮನೆಯಲ್ಲಿ ಅಂದು ಸಂಜೆ ಒಲೆ ಹೊತ್ತುತ್ತಿತ್ತು ಎಂದು ಊರಿನ ಹಿರಿಯರು ಈಗಲೂ ಕೈಮುಗಿದು ಹೇಳುತ್ತಾರೆ.

ಅದೇ ಊರಿನಲ್ಲಿ ಇನ್ನಾಸಪ್ಪನವರೆಂಬ ಉಪದೇಶಿಗಳಿದ್ದರು. ಮಕ್ಕಳಿಗೆ ಜಪ ಕಲಿಸುವುದು, ಸಾವಿನ ಮನೆಗಳಲ್ಲಿ ಪ್ರಾರ್ಥನೆ ನಡೆಸುವುದು, ಪವಿತ್ರ ಗ್ರಂಥದ ಕಥೆಗಳನ್ನು ವಿವರಿಸುವುದು ಅವರ ಸೇವೆ. ಮಗನನ್ನು ಬಲಿ ಕೊಡಲು ಬೆಟ್ಟ ಹತ್ತಿದ ಅಬ್ರಹಾಮನ ಕಥೆಯನ್ನು ಅವರು ಹೇಳಿದರೆ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಯೋಬನ ಕಥೆಯಂತೂ ಅವರದೇ ಸ್ವತ್ತು ಎಂಬಂತಾಗಿತ್ತು. ಸ್ವಾಮಿಗಳ ಬಗ್ಗೆ ಅವರಿಗೆ ಗೌರವವಿತ್ತು. ಆದರೆ ಒಳಗೊಳಗೇ ಒಂದು ಸಣ್ಣ ಅಸಮಾಧಾನ. ಇಷ್ಟು ಓದಿದ ಗುರುಗಳು ದುಃಖದಲ್ಲಿದ್ದವರಿಗೆ ನಾಲ್ಕು ಬುದ್ಧಿಮಾತು ಹೇಳದೆ ಸುಮ್ಮನೆ ಕೂತು ಬರುತ್ತಾರಲ್ಲ ಎಂದು.

ಗೂಡಿನಕೊಪ್ಪಲಿನವರ ಕಸುಬು ಸುಣ್ಣ ಸುಡುವುದು. ಚೌರಪ್ಪ ಮತ್ತು ಜಪಮಾಲೆ ಎಂಬ ಗಂಡಹೆಂಡಿರು ಊರಾಚೆಯ ಒಂದು ಸುಣ್ಣದ ಗೂಡಿನಲ್ಲಿ ದುಡಿಯುತ್ತಿದ್ದರು. ಆ ವರ್ಷ ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುವಾಗ ಅದು ಸಿಡಿದು ಚೌರಪ್ಪನ ಎರಡು ಕಣ್ಣೂ ಹೋದವು. ಮಳೆಗಾಲದಲ್ಲಿ ಗೂಡು ಕುಸಿಯಿತು. ಅದರ ಬೆನ್ನಿಗೇ ಒಬ್ಬನೇ ಮಗ, ಇನ್ನೂ ತೊದಲು ಬಿಡದ ಕೂಸು, ಗಂಟಲು ಕಟ್ಟುವ ಜ್ವರಕ್ಕೆ ತುತ್ತಾಯಿತು. ಉಸಿರಿಗಾಗಿ ಒದ್ದಾಡುವ ಮಗುವನ್ನು ನೋಡಲಾರದೆ ಜಪಮಾಲೆ ಹೊಳೆಯಾಚೆಯ ಮಂತ್ರದ ಅಜ್ಜನ ಹತ್ತಿರ ಓಡಿ, ಒಂದು ಕಪ್ಪು ದಾರ ತಂದು ಅದರ ಕತ್ತಿಗೆ ಕಟ್ಟಿದಳು. ಮಗು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆಯ ಮುಂದೆ ಪ್ರಾರ್ಥನೆ. ಊರವರೆಲ್ಲ ನೆರೆದಿದ್ದರು. ಇನ್ನಾಸಪ್ಪನವರು ಎದ್ದು ನಿಂತು ಯೋಬನ ಕಥೆ ಹೇಳಿದರು. ದನಕರು ಹೋದದ್ದು, ಮಕ್ಕಳು ಹೋದದ್ದು, ಮೈಯೆಲ್ಲ ಹುಣ್ಣಾದದ್ದು, ಆದರೂ ಅವನು ದೇವರನ್ನು ಬಿಡದೆ ಇದ್ದದ್ದು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಜನ ಕಣ್ಣೆವೆಯಿಕ್ಕದೆ ಕೇಳುತ್ತಿದ್ದರು, ಮಾತು ಉಪದೇಶಿಗಳನ್ನೇ ಎಳೆದುಕೊಂಡು ಹೋಯಿತು.

"ಯೋಬ ನೀತಿವಂತ. ನಾವೆಲ್ಲ ಯೋಬರೇನು? ದೇವರು ಸುಮ್ಮಸುಮ್ಮನೆ ಕೈಯೆತ್ತುವವನಲ್ಲ, ಜಪಮಾಲೆ. ಮಗುವಿನ ಕತ್ತಿಗೆ ಏನು ಕಟ್ಟಿದ್ದೆ ಅಂತ ನಿನ್ನನ್ನೇ ಕೇಳಿಕೋ. ನೀನು ದಾರ ಕಟ್ಟಿದ ಕತ್ತನ್ನೇ ಅವನು ಹಿಡಿದ."

ಜಪಮಾಲೆ ಅಳುತ್ತಿದ್ದವಳು ನಿಲ್ಲಿಸಿದಳು. ಆಮೇಲೆ ಅತ್ತದ್ದನ್ನು ಯಾರೂ ನೋಡಲಿಲ್ಲ. ಹೊಸ್ತಿಲ ಬಳಿ ಕೂತಿದ್ದ ಸಿಲ್ವೆಸ್ತರ್ ಸ್ವಾಮಿಗಳು ತಲೆ ತಗ್ಗಿಸಿದರು. ಪ್ರಾರ್ಥನೆ ಮುಗಿದು ಎಲ್ಲರೂ ಚದುರಿದರೂ ಅವರು ಏಳದೆ ಕತ್ತಲಾಗುವವರೆಗೂ ಆ ಗಂಡಹೆಂಡಿರ ಜೊತೆಯಲ್ಲೇ ಇದ್ದರು.

ಅಂದಿನಿಂದ ಜಪಮಾಲೆ ಪೂಜೆಗೆ ಬರುವುದನ್ನು ಬಿಟ್ಟಳು. ತಪ್ಪಿತಸ್ಥಳಿಗೆ ಮುಖ ತೋರಿಸಲು ಆಗುತ್ತಿಲ್ಲ ಎಂದುಕೊಂಡರು ಇನ್ನಾಸಪ್ಪನವರು.

ಸುಗ್ಗಿಯ ಹೊತ್ತಿಗೆ ಅವರ ಮಗಳು ಪಿಲೋಮಿಗೆ ಜ್ವರ ಬಂತು. ಆಗಷ್ಟೇ ಓಡಾಟ ಕಲಿತು ಮನೆಯನ್ನೆಲ್ಲ ಸುತ್ತುತ್ತಿದ್ದ ಮಗು. ಪೇಟೆಯ ವೈದ್ಯರು ಬಂದು ನೋಡಿ, ಕಾಯಬೇಕು ಎಂದರು. ಹೆಂಡತಿ ರೆಜಿನಮ್ಮ ಒದ್ದೆ ಬಟ್ಟೆ ಹಾಕುತ್ತ ಜಪಸರ ಎಣಿಸುತ್ತಿದ್ದರು. ಇನ್ನಾಸಪ್ಪನವರು ಅಬ್ರಹಾಮನನ್ನು ನೆನೆದರು. ಮಗುವನ್ನು ದೇವರ ಕೈಗೆ ಒಪ್ಪಿಸಿಬಿಡಿ ಎಂದು ಎಷ್ಟು ತಂದೆತಾಯಿಯರಿಗೆ ಹೇಳಿದ್ದರು! ಈಗ ಆ ಮಾತನ್ನು ತಮಗೇ ಹೇಳಿಕೊಳ್ಳಲು ಹೋದರೆ ನಾಲಿಗೆ ಹೊರಳಲಿಲ್ಲ. ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಾಗ ಅವರು ಹೆಗಲ ಮೇಲಿನ ಟವೆಲನ್ನು ತಲೆಗೆ ಮುಸುಕು ಹಾಕಿಕೊಂಡು, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಹೊಳೆ ದಾಟಿದರು.

ಮಂತ್ರದ ಅಜ್ಜ ಮುಸುಕಿನ ಒಳಗಿನ ಮುಖವನ್ನು ಗುರುತು ಹಿಡಿದ. ಏನೂ ಕೇಳದೆ ದಾರ ಕೊಟ್ಟ. ಅವರು ಅದನ್ನು ಮಗುವಿನ ಕತ್ತಿಗೆ ಕಟ್ಟಲಿಲ್ಲ. ಯಾರಿಗೂ ಕಾಣಬಾರದೆಂದು ರೆಟ್ಟೆಗೆ ಕಟ್ಟಿ, ಮೇಲೆ ಅಂಗಿಯ ತೋಳು ಎಳೆದರು.

ಪಿಲೋಮಿ ಉಳಿದಳು. ಆದರೆ ಜ್ವರ ಬಿಟ್ಟಾಗ ಅವಳ ಬಲಗಾಲು ಬಟ್ಟೆಯ ಬೊಂಬೆಯ ಕಾಲಿನ ಹಾಗೆ ಜೋತುಬಿದ್ದಿತ್ತು. ಎತ್ತಿ ನಿಲ್ಲಿಸಿದರೆ ಕುಸಿಯುತ್ತಿದ್ದಳು. ಯಾಕೆಂದು ತಿಳಿಯದೆ ಅಪ್ಪನ ಮುಖ ನೋಡುತ್ತಿದ್ದಳು.

ಊರವರು ಒಬ್ಬೊಬ್ಬರಾಗಿ ನೋಡಲು ಬಂದರು. ಈಗ ಯಾರಾದರೂ ಕೇಳುತ್ತಾರೆ, ಉಪದೇಶಿಗಳೇ ನಿಮ್ಮ ಮನೆಯಲ್ಲಿ ಏನು ತಪ್ಪು ನಡೆದಿತ್ತು ಅಂತ, ಎಂದು ಇನ್ನಾಸಪ್ಪನವರು ಕಾಯುತ್ತಲೇ ಇದ್ದರು. ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಒಂದು ಬೆಳಗ್ಗೆ ಜಪಮಾಲೆಯೇ ಬಂದಳು. ಕೈಯಲ್ಲಿ ರಾಗಿ ಗಂಜಿಯ ಚೊಂಬು. ರೆಜಿನಮ್ಮನ ಪಕ್ಕದಲ್ಲಿ ಕೂತು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಾಲನ್ನು ನೀವತೊಡಗಿದಳು. ಅಂಗಿಯ ತೋಳು ಮೇಲೆ ಸರಿಯಿತು. ಕಪ್ಪು ದಾರ ಕಂಡಿತು. ಆಕೆ ಅದನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ಇನ್ನಾಸಪ್ಪನವರನ್ನೂ ಒಮ್ಮೆ ನೋಡಿದಳು. ಆಮೇಲೆ ತೋಳನ್ನು ಮೆಲ್ಲನೆ ಕೆಳಗೆಳೆದು, ಗಂಜಿ ಕುಡಿಸಿ, ಚೊಂಬು ಎತ್ತಿಕೊಂಡು ಹೊರಟುಹೋದಳು.

ಇನ್ನಾಸಪ್ಪನವರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮನೆಯಲ್ಲಿ ನಿಲ್ಲಲಾಗಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಸ್ವಾಮಿಗಳ ಕೊಟ್ಟಿಗೆಗೆ ಬಂದರು.

ಸ್ವಾಮಿಗಳು ಹಲಗೆಯೊಂದನ್ನು ಉಜ್ಜುತ್ತಿದ್ದರು. ಉಪದೇಶಿಗಳು ಕಾಲಿಗೆ ಬಿದ್ದು ನಡೆದದ್ದನ್ನೆಲ್ಲ ಹೇಳಿದರು. ಹೇಳುತ್ತ ಹೇಳುತ್ತ ಸ್ವರ ಏರಿತು.

"ಅವಳೂ ಕಟ್ಟಿದಳು, ನಾನೂ ಕಟ್ಟಿದೆ ಸ್ವಾಮಿ. ಅವಳ ಮಗು ಹೋಯಿತು, ನನ್ನದು ಉಳಿಯಿತು. ಉಳಿದರೂ ಕಾಲಿಲ್ಲ. ಇದರ ಅರ್ಥ ಏನು? ದೇವರು ಯಾಕೆ ಹೀಗೆ ಮಾಡಿದ?"

"ನನಗೆ ಗೊತ್ತಿಲ್ಲ" ಎಂದರು ಸ್ವಾಮಿಗಳು.

ಹಲಗೆಯ ಮೇಲಿನ ಪುಡಿಯನ್ನು ಊದಿ, "ಜಪಮಾಲೆಯ ಮಗುವನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದು ನಾನು. ದಾರ ನಾನೂ ನೋಡಿದೆ. ಬಿಚ್ಚಲಿಲ್ಲ. ತಾಯಿ ಎಲ್ಲ ಕಡೆಗೂ ಓಡಿದ್ದಾಳೆ ಅಂದುಕೊಂಡೆ" ಎಂದರು. ಮತ್ತೆ ಹಲಗೆಯ ಒಂದು ತುದಿಯನ್ನು ತೋರಿಸಿ, "ಇದನ್ನು ಹಿಡಿದುಕೋ. ಹಿಡಿದುಕೊಂಡು ಯೋಬನ ಕಥೆ ಹೇಳು" ಎಂದರು.

ಇನ್ನಾಸಪ್ಪನವರು ಹಲಗೆ ಹಿಡಿದು ಕಥೆ ಹೇಳಿದರು. ಎಂದಿನ ಸೊಗಸಿಲ್ಲ, ತಡವರಿಸಿಕೊಂಡು ಹೇಳಿದರು. ಕೊನೆಗೆ ದೇವರು ಯೋಬನಿಗೆ ಕಳೆದುಕೊಂಡದ್ದರ ಎರಡರಷ್ಟನ್ನು ಕೊಟ್ಟನೆಂದು ಮುಗಿಸಿದರು.

"ಗೆಳೆಯರು ಏನಾದರು?"

"ಯಾವ ಗೆಳೆಯರು ಸ್ವಾಮಿ?"

"ಅವನನ್ನು ನೋಡಲು ಬಂದವರು. ಮೊದಲು ದಿನಗಟ್ಟಲೆ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಆಮೇಲೆ ಬಾಯಿ ತೆರೆದರು. ನೀನು ಪಾಪ ಮಾಡಿದ್ದೀಯ, ಒಪ್ಪಿಕೋ ಅಂದರು. ಅವರ ಕಥೆ ಎಲ್ಲಿಗೆ ಮುಗಿಯುತ್ತದೆ?"

ಇನ್ನಾಸಪ್ಪನವರಿಗೆ ಅದು ಗೊತ್ತಿತ್ತು. ಎಷ್ಟೋ ಸಲ ಓದಿದ್ದರು. ಆದರೆ ಹೇಳುವಾಗ ಎಂದೂ ಆ ಭಾಗಕ್ಕೆ ಹೋಗಿರಲಿಲ್ಲ. ತಲೆ ತಗ್ಗಿಸಿ ನಿಧಾನವಾಗಿ ಹೇಳಿದರು: "ದೇವರು ಅವರ ಮೇಲೆ ಸಿಟ್ಟಾದ. ನೀವು ಯೋಬನ ಹತ್ತಿರ ಹೋಗಿ, ಅವನು ನಿಮಗಾಗಿ ಪ್ರಾರ್ಥಿಸುತ್ತಾನೆ, ಅವನ ಪ್ರಾರ್ಥನೆ ಕೇಳಿ ನಿಮ್ಮನ್ನು ಕ್ಷಮಿಸುತ್ತೇನೆ ಅಂದ."

ಉಜ್ಜುಗೊರಡು ನಿಂತಿತು.

"ಯಾಕೆ ಅಂತ ಯೋಬನಿಗೆ ದೇವರು ಕೊನೆಯವರೆಗೂ ಹೇಳಲಿಲ್ಲ, ಇನ್ನಾಸಪ್ಪ. ನೋಯಿಸಿದವರಿಗಾಗಿ ಬೇಡಿಕೋ ಅಂತ ಒಂದು ಕೆಲಸ ಕೊಟ್ಟ. ಈಗ ನೀನು ಯೋಬನ ಮನೆಗೆ ಹೋಗು."

ಇನ್ನಾಸಪ್ಪನವರ ಮುಖ ಬಿಳಿಚಿತು. "ಸ್ವಾಮಿ, ಉಪವಾಸ ಹೇಳಿ, ಮಾಡುತ್ತೇನೆ. ಬೆಟ್ಟದ ಮಾತೆಯ ಗುಡಿಗೆ ಮಂಡಿಯೂರಿಕೊಂಡು ಹತ್ತು ಅನ್ನಿ, ಹತ್ತುತ್ತೇನೆ. ಅವಳ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?"

"ಇದೇ ಮುಖ" ಎಂದರು ಸ್ವಾಮಿಗಳು. ಮತ್ತೆ ಹಲಗೆ ಉಜ್ಜತೊಡಗಿದರು.

ಜಪಮಾಲೆ ಮನೆಯ ಮುಂದೆ ಸುಣ್ಣ ಜರಡಿ ಹಿಡಿಯುತ್ತಿದ್ದಳು. ಕೂದಲು, ಹುಬ್ಬು, ಸೀರೆ ಎಲ್ಲ ಬೆಳ್ಳಗಾಗಿತ್ತು. ಕುರುಡ ಗಂಡ ಜಗಲಿಯ ಮೇಲೆ ಚೀಲ ಹೊಲಿಯುತ್ತಿದ್ದ. ಬೀದಿಯಲ್ಲಿ ಜನರಿದ್ದರು. ಇನ್ನಾಸಪ್ಪನವರು ಅವರೆಲ್ಲರ ಎದುರಿಗೇ ಆ ಸುಣ್ಣದ ಧೂಳಿನಲ್ಲಿ ಮಂಡಿಯೂರಿದರು.

"ಅಯ್ಯೋ ಬುದ್ಧಿ, ಏನಿದು, ಏಳಿ" ಎಂದು ಆಕೆ ಗಾಬರಿಯಾಗಿ ಹಿಂದೆ ಸರಿದಳು.

"ತಾಯಿ, ಇಲ್ಲೇ ನಿಂತು ಅಂದು ನಾನು ಆಡಬಾರದ ಮಾತಾಡಿದೆ. ಅದೇ ದಾರವನ್ನು ನಾನೂ ತಂದು ನನ್ನ ಮಗಳಿಗೆ ಕಟ್ಟಿದೆ. ನೀನು ನೋಡಿದೆ. ನೋಡಿಯೂ ಮುಚ್ಚಿದೆ. ನನಗಾಗಿ ಪ್ರಾರ್ಥನೆ ಮಾಡು ಅಂತ ಕೇಳಲು ಬಂದಿದ್ದೇನೆ."

ಜಪಮಾಲೆ ಜರಡಿಯನ್ನು ಎದೆಗೊತ್ತಿಕೊಂಡಳು. "ಹಂಗಾರೆ ನನ್ನ ಮಗ ಯಾಕೆ ಸತ್ತ? ನೀವೇ ಹೇಳಿದ್ರಲ್ಲ, ನನ್ನಿಂದ ಅಂತ. ಇಷ್ಟು ತಿಂಗಳೂ ನಾನೇ ಕತ್ತು ಹಿಸುಕಿ ಕೊಂದೆ ಅಂತ ಬದುಕಿವ್ನಿ. ಈಗ ಹೇಳಿ, ಯಾಕೆ ಸತ್ತ?"

"ಗೊತ್ತಿಲ್ಲ ತಾಯಿ. ಅಂದೂ ಗೊತ್ತಿರಲಿಲ್ಲ. ಗೊತ್ತಿರುವವನ ಹಾಗೆ ಮಾತಾಡಿದೆ. ನಿನ್ನಿಂದ ಅಲ್ಲ. ಅದೊಂದು ಮಾತ್ರ ನಿಜ."

ಆಕೆ ಮತ್ತೆ ಸುಣ್ಣ ಜರಡಿ ಹಿಡಿಯತೊಡಗಿದಳು. ಜಗಲಿಯ ಮೇಲಿಂದ ಚೌರಪ್ಪ, "ಏನಾದ್ರೂ ಹೇಳೇ" ಎಂದ.

"ನಂಗೆ ಪ್ರಾರ್ಥನೆ ಬತ್ತಿಲ್ಲ" ಎಂದಳು ಜಪಮಾಲೆ. "ಮಗ ಹೋದಾಗಿಂದ ಬಾಯಿಗೆ ಬಂದೇ ಇಲ್ಲ. ಶಿಲುಬೆ ಗುರುತು ಹಾಕಕ್ಕೆ ಕೈಯೆತ್ತಿದ್ರೆ ನಿಮ್ಮ ಮಾತೇ ಕೇಳ್ತದೆ."

ಇನ್ನಾಸಪ್ಪನವರು ಹಣೆಯನ್ನು ನೆಲಕ್ಕೆ ಹಚ್ಚಿದರು. ತಾವು ಕಸಿದುಕೊಂಡದ್ದನ್ನೇ ಕೇಳಲು ಬಂದಿದ್ದೇವೆಂದು ಆಗ ಅವರಿಗೆ ತಿಳಿಯಿತು.

ಆಕೆ ಜರಡಿಯನ್ನು ಕೆಳಗಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದರೂ ಬಿಳಿ ಹೋಗದ ಆ ಕೈಯನ್ನು ಅವರ ತಲೆಯ ಮೇಲಿಟ್ಟು, ಒಂದೊಂದೇ ಮಾತನ್ನು ಕಿತ್ತು ತೆಗೆದ ಹಾಗೆ ಹೇಳಿದಳು: "ಯಪ್ಪಾ, ಇವರ ಕೂಸು ನಡೀಲಿ. ಇವರನ್ನ ನೋಯಿಸಬೇಡ. ನನ್ನ ಮಗ ನಿನ್ನ ಹತ್ರ ಅವ್ನೆ, ನೋಡ್ಕೋ."

ಅಷ್ಟು ಹೇಳಿದವಳೇ ಕುಸಿದು ಕೂತು ಗೋಳೋ ಎಂದು ಅತ್ತಳು. ಅಷ್ಟು ತಿಂಗಳ ಅಳು. ಬೀದಿಯ ಹೆಂಗಸರು ಓಡಿಬಂದು ಹಿಡಿದುಕೊಂಡರು.

ಮುಂದಿನ ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಇನ್ನಾಸಪ್ಪನವರು ಕಿರಿಯ ಗುರುಗಳ ಅಪ್ಪಣೆ ಪಡೆದು ಸಭೆಯ ಮುಂದೆ ನಿಂತರು. ಸಾವಿನ ಮನೆಯಲ್ಲಿ ತಾವು ಆಡಿದ ಮಾತು ದೇವರದಲ್ಲ, ತಮ್ಮದು ಎಂದು ಹೇಳಿದರು. ದಾರದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಹೆಂಗಸರ ಸಾಲಿನ ಕೊನೆಯಲ್ಲಿ ಜಪಮಾಲೆ ಗಂಡನ ಕೈ ಹಿಡಿದು ನಿಂತಿದ್ದಳು.

ಪಿಲೋಮಿಯ ಕಾಲು ಸರಿಹೋಗಲಿಲ್ಲ. ಸ್ವಾಮಿಗಳು ಮಾಡಿಕೊಟ್ಟ ಊರುಗೋಲು ಹಿಡಿದು ಅವಳು ನಡೆದಳು, ದೊಡ್ಡವಳಾದಳು. ಇನ್ನಾಸಪ್ಪನವರ ನಾಚಿಕೆಯೂ ಹೋಗಲಿಲ್ಲ. ಅದನ್ನು ತೆಗೆದುಬಿಡು ಎಂದು ಅವರು ದೇವರನ್ನು ಒಮ್ಮೆಯೂ ಬೇಡಲಿಲ್ಲವಂತೆ.

ಸ್ವಾಮಿಗಳು ಪರಂಧಾಮವನ್ನು ಸೇರಿ ಎಷ್ಟೋ ಕಾಲವಾದ ಮೇಲೆ, ಹೊಳೆಯಲ್ಲಿ ತಮ್ಮನನ್ನು ಕಳೆದುಕೊಂಡ ಒಬ್ಬ ಯುವಕ ಮುದುಕರಾಗಿದ್ದ ಇನ್ನಾಸಪ್ಪನವರ ಕೈ ಹಿಡಿದು, "ನೀವು ಉಪದೇಶಿಗಳು, ಏನಾದರೂ ಹೇಳಿ. ಯಾಕೆ ಹೀಗಾಯಿತು?" ಎಂದು ಕೇಳಿದ.

ಅವರು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. "ಗೊತ್ತಿಲ್ಲಪ್ಪಾ" ಎಂದರು. "ನಾಳೆಯೂ ಬರುತ್ತೇನೆ."