ಕಳೆ ಹುಲ್ಲಿನ ಸೊಟ್ಟ ಮಗ

ನನ್ನ ಕಣ್ಣಾಣೆ, ನಾನು ಕೂತಿರೋ ಈ ಬದುವಿನಾಣೆ ಕಣವ್ವ, ನಾನು ಹೇಳೋದ್ರಲ್ಲಿ ಒಂದು ಕಾಳಷ್ಟೂ ಸುಳ್ಳಿಲ್ಲ. ಸುತ್ತ ಏಳೂರ್ನಲ್ಲಿ ನನ್ನಂಗೆ ಬತ್ತ ಬೆಳೆದೋನಿಲ್ಲ. ಸುಳ್ಳು ಹೇಳೋ ದರ್ದು ನಂಗೇನೈತೆ? ಬಾ ಮಗಾ, ಪಕ್ಕಕ್ಕೆ ಕೂತ್ಕೊ. ಕಳೆ ಕೀಳೋಕೆ ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು.

ಭೂಮಿ ಇನ್ನೂ ಹಸಿ ಮುದ್ದೆಯಂಗಿದ್ದ ಕಾಲ. ಭೂಮ್ತಾಯಿ ಗಿಡಗಳ್ನೆಲ್ಲ ಕರೆದು ಒಂದೊಂದು ಉಡುಗೊರೆ ಕೊಟ್ಲು. ಜಾಲಿಗೆ ಮುಳ್ಳು. ಬೇವಿಗೆ ಕಹಿ. ಬತ್ತಕ್ಕೆ ಮನುಷ್ರ ಪ್ರೀತಿ. ಕಳೆ ಹುಲ್ಲು ಕೊನೇಗೆ ಬಂತು. ಅಷ್ಟೊತ್ಗೆ ತಾಯಿ ಮಡ್ಲು ಖಾಲಿ.

"ನಂಗೇನವ್ವಾ?" ಅಂತು ಹುಲ್ಲು.

"ಮಕ್ಳು ಕೊಡ್ತೀನಿ. ಎಣಿಸೋಕೆ ಆಗದಷ್ಟು. ಆದ್ರೆ ಅಷ್ಟ್ರಲ್ಲಿ ಒಬ್ಬ ಮಗ ಸೊಟ್ಟಗಿರ್ತಾನೆ."

"ಸೊಟ್ಟ ಮಗನ್ನ ಇಟ್ಕೊಂಡು ಏನ್ ಮಾಡ್ಲಿ?"

"ನಂಗೂ ಗೊತ್ತಿಲ್ಲ. ಇಟ್ಕೊಂಡಿರು," ಅಂದ್ಲು ತಾಯಿ. ಅವಳ್ಗೂ ಸಾಕಾಗಿತ್ತು.

ಸೊಟ್ಟ ಎಲ್ಲಿ ಅಂತೀಯಾ? ಹೊಟ್ಟೆ ಒಳ್ಗೆ. ಒಂದೊಂದು ಹುಲ್ಲಿನ ಹೊಟ್ಟೇಲೂ ಒಂದು ಅಡುಗೆಮನೆ ಐತೆ. ಎಲ್ಲಾರ್ದೂ ನೆಟ್ಟನೆ ಬಾಗ್ಲು, ಇವನ್ದು ಸೊಟ್ಟ ಬಾಗ್ಲು. "ಏ ಸೊಟ್ಟಬಾಗ್ಲೋನೇ!" ಅಂತ ಅಣ್ಣತಮ್ಮಂದ್ರು ಯುಗ ಯುಗ ನಕ್ರು. ಗಾಳಿ ಮಾತ್ರ, "ಇರ್ಲಿ ಬುಡ್ಲಾ, ನೀನೂ ಬದುಕು" ಅನ್ನೋದು.

ಆಮೇಲೆ ನಾನು ಬಂದೆ. ಊರಿಗೇ ಮೊದ್ಲು ಬೆನ್ನಿಗೆ ಕ್ಯಾನು ಕಟ್ಟಿ ಗದ್ದೆಗೆ ಕಳೆ ಔಸ್ದಿ ಹೊಡೆದೋನು ನಾನೇ. ಆ ಔಸ್ದಿ ಬತ್ತಾನ ಬುಟ್ಟು ಹುಲ್ಲಿನ ಹೊಟ್ಟೆಗೆ ಮಾತ್ರ ಇಳಿದು ಅಡುಗೆಮನೆಗೆ ಬೀಗ ಹಾಕ್ತದೆ. ಹುಲ್ಲು ಉಪಾಸ ಬಿದ್ದು ಸಾಯ್ತದೆ. ಅಣ್ಣತಮ್ಮಂದ್ರೆಲ್ಲ ಸತ್ರು. ಸೊಟ್ಟ ಬಾಗ್ಲಿಗೆ ಬೀಗ ಕೂರ್ಲಿಲ್ಲ.

ಅವನೊಬ್ನೇ ಉಳ್ಕೊಂಡ. ಅಗೋ, ಆ ತೂಬಿನ ಪಕ್ಕ.

ಕಳೆ ಕೀಳೋ ಹೊಂಬಾಳಮ್ಮ ಬದುವಿನ ಮೇಲೆ ಹೋಗ್ತಾ ನೋಡುದ್ಲು. "ಜವರಣ್ಣೋ, ತೂಬಿನ ತಾವ ಒಂದು ಬುಡ ಬದುಕೈತೆ. ಕಿತ್ತಾಕ್ಲಾ? ಎಲೆ ಅಡ್ಕೆ ಕೊಟ್ರೆ ಸಾಕು."

ಕಳೆ ಮುಗಿದ ದಿನ ಕಿತ್ತ ಹೆಣ್ಮಕ್ಳಿಗೆ ಎಲೆ ಅಡ್ಕೆ ಕೊಡೋದು ನಮ್ಮ ಕಡೆ ಪದ್ಧತಿ. ಕೊಟ್ರೆ, ನನ್ನ ಕ್ಯಾನಿಗಿಂತ ಅವಳ ಕೈಯೇ ಮೇಲು ಅಂತ ಒಪ್ಕೊಂಡಂಗೆ. ನಾನು ಒಪ್ತೀನಾ?

"ಒಂದು ಬುಡಕ್ಕೆ ಹೆದ್ರುತಾನಾ ಈ ಜವರ? ಹೋಗಮ್ಮಿ, ಇನ್ಮೇಲೆ ನಿನ್ನ ಕೈಗೆ ಕೆಲ್ಸ ಇಲ್ಲ."

"ಆಯ್ತು ಬುಡಣ್ಣ. ಆ ಬುಡಕ್ಕೂ ನಿನ್ನಂಗೇ ಕೊಬ್ಬು," ಅಂತ ನಕ್ಕೊಂಡೋದ್ಲು.

ಬುಡ ತೆನೆ ಬುಡ್ತು. "ಯಾವ್ ಬೀಜ ಉದುರಿಸ್ಲಿ?" ಅಂತ ಗಾಳಿ ಕೇಳ್ತು.

"ಇನ್ಯಾರವ್ರೆ? ಇರೋರೆಲ್ಲ ನನ್ನ ಮಕ್ಳೇ. ಎಲ್ಲಾರ್ದೂ ನನ್ನಂಗೇ ಸೊಟ್ಟ ಬಾಗ್ಲು. ಉದುರ್ಸು."

ಮುಂದಿನ ವರ್ಸ ಹತ್ತು ಬುಡ. ಅದೇ ಔಸ್ದಿ ಹೊಡೆದೆ. ಅದ್ರ ಮುಂದಿನ ವರ್ಸ ಅರ್ಧ ಗದ್ದೆ. ಎರಡು ಪಟ್ಟು ಸುರಿದೆ, ಅದೇ ಔಸ್ದೀನೇ. ಬೀಗ ಎಷ್ಟಿದ್ರೇನವ್ವ, ಬಾಗ್ಲಿಗೆ ಕೂರ್ಬೇಕಲ್ಲ! ಐದ್ನೇ ವರ್ಸ ಹುಲ್ಲೇ ಹುಲ್ಲು. ಮನೇಗೆ ಒಂದು ಮೂಟೆ ಬತ್ತಾನೂ ಬರ್ಲಿಲ್ಲ.

ನಾನೇ ಹೊಂಬಾಳಮ್ಮನ ಜಗ್ಲಿಗೋದೆ, ಎಲೆ ಅಡ್ಕೆ ಹಿಡ್ಕೊಂಡು.

"ಈಗ ಬಂದ್ಯಾ?" ಅಂದ್ಲು. "ಆಗ ಬತ್ತದೊಳ್ಗೆ ಹುಲ್ಲು ಹುಡುಕ್ತಿದ್ದೆ. ಈಗ ಹುಲ್ಲೊಳ್ಗೆ ಬತ್ತ ಹುಡುಕ್ಬೇಕು ಕಣಣ್ಣ." ಆದ್ರೂ ಎಲೆ ತಕೊಂಡ್ಲು. ಅವತ್ತಿಂದ ಅವಳೊಂದು ಸಾಲು, ನಾನೊಂದು ಸಾಲು. ಕೀಳ್ತಾನೇ ಇದೀವಿ. ಮುಗಿಯಂಗಿಲ್ಲ.

ಅದಕ್ಕೇ ಕಣವ್ವ, ಔಸ್ದಿ ಹೊಡೆದ ಮಾರ್ನೇ ವಾರಾನೂ ಆ ಹುಲ್ಲು ಹಂಗೇ ಹಸುರಾಗಿ ತಲೆ ಆಡಿಸ್ಕೊಂಡು ನಿಂತಿರೋದು; ಅದೆಲ್ಲ ಆ ಸೊಟ್ಟ ಮಗನ ಮೊಮ್ಮಕ್ಳು, ಒಂದು ಎಲೆ ಅಡ್ಕೆ ಕೊಡದೆ ನಾನೇ ಸಾಕಿದ್ದು, ಔಸ್ದಿ, ಬತ್ತ ಎಲ್ಲಾ ಸೇರಿ ನಂಗೆ ಹೋಗಿದ್ದು ಅರವತ್ತೊಂದು ಸಾವಿರದ ನಾನೂರ ಎಪ್ಪತ್ತು ರೂಪಾಯಿ.